ಎರಡನೆಯ ಸೀನು

ನಮ್ಮ ಪೇಟೆಯಲ್ಲಿ ಹೊಗೆಸೊಪ್ಪಿನ ಕಾಲ ಬಂತೆಂದರೆ ಬೆಳಿಗ್ಗೆ ಹನ್ನೊಂದು ಗಂಟೆಯವರೆಗೆ ಯಾರೂ ಒಗ್ಗರಣೆ ಹಾಕುವಂತಿಲ್ಲ. ಮೆಣಸಿನಕಾಯಿ ಹುರಿಯುವಂತಿಲ್ಲ, ಸಾಂಬ್ರಾಣಿ ಹಾಕುವಂತಿಲ್ಲ, ಸೊಪ್ಪಿನ ಮಂಡಳಿಯ ಕಟ್ಟಡದ ಮುಂದೆ ಕಸ ಗುಡಿಸುವಂತಿಲ್ಲ. ನೆಗಡಿಯಾದವರು ನಮ್ಮ ಬೀದಿಯನ್ನು ಬಿಟ್ಟು ಹಿಂದಿನ ಓಣಿಯಲ್ಲಿ ಓಡಾಡಬೇಕು. ಇಷ್ಟೆಲ್ಲ ಕಟ್ಟುನಿಟ್ಟು ನನ್ನ ಮೂಗಿಗಾಗಿ. ನೋಡಲು ಅದು ಹೇಳಿಕೊಳ್ಳುವಂಥ ಮೂಗೇನಲ್ಲ, ಕೊಂಚ ಮೊಂಡು. ಮೂಗಿಗಿಂತ ಮೂಗುತಿ ಭಾರ ಎನ್ನುತ್ತಾರಲ್ಲ, ನನ್ನ ವಿಷಯದಲ್ಲಿ ಮೂಗೇ ಊರಿಗೆಲ್ಲ ಭಾರವಾಗಿ ಕೂತಿದೆ.

ಹೊಗೆಸೊಪ್ಪಿಗೆ ಬೂಷ್ಟು ಹಿಡಿಯದಿರಲಿ ಎಂದು ಬೆಳೆಗಾರರು ಔಷಧಿ ಹೊಡೆಯುತ್ತಾರೆ. ಬ್ಯಾರನ್ ಎಂಬ ಬಿಸಿ ಕೋಣೆಯಲ್ಲಿ ಬೇಯಿಸಿದ ಮೇಲೂ ಎಲೆಯಲ್ಲಿ ಅದು ಒಂದಿಷ್ಟು ಉಳಿದುಕೊಳ್ಳುತ್ತದೆ. ಎಷ್ಟು ಉಳಿದಿದೆಯೋ ನನಗೆ ಅಷ್ಟು ಸೀನು ಬರುತ್ತದೆ. ಸೊಪ್ಪಿನ ಹೊರೆ ಬಿಚ್ಚಿ ನಡುವಿನ ಎಲೆಯೊಂದನ್ನು ತೆಗೆದು ಮೂಸುತ್ತೇನೆ. ಏನೂ ಇಲ್ಲದಿದ್ದರೆ ಸೀನೂ ಇಲ್ಲ. ಇದ್ದರೆ ಒಂದು, ಎರಡು, ಮೂರು, ಹೀಗೆ. ನಮ್ಮವ್ವನಿಗೂ ಹೀಗೇ ಬರುತ್ತಿತ್ತು, ಅವಳು ಹೋದ ಮೇಲೆ ಅದು ನನ್ನ ಪಾಲಿಗೆ ಬಂತು. ಮನೆಗೊಬ್ಬರಿಗೇ ಬರುವುದು. ನನಗಿಂತ ಹದಿನಾಲ್ಕು ವರ್ಷ ಚಿಕ್ಕವಳಾದ ತಂಗಿ ಚಿನ್ನತಾಯಿಗೆ ಸೊಪ್ಪಿನ ರಾಶಿಯಲ್ಲಿ ಮುಖವಿಟ್ಟು ಮಲಗಿದರೂ ಒಂದು ಸೀನು ಬರದು.

ಮಂಡಳಿಯ ಪುಸ್ತಕದಲ್ಲಿ ಬರೆದಿರುವ ಮಿತಿ ಎರಡು. ಎರಡು ಸೀನಿನವರೆಗೆ ಸೊಪ್ಪು ಒಳ್ಳೆಯದು. ಶೆಡ್ಡಿಗೆ ಹೋಗುತ್ತದೆ, ಅಲ್ಲಿ ಹೆಂಗಸರು ಬಣ್ಣ ನೋಡಿ ಬೇರೆ ಮಾಡಿ ಕಟ್ಟು ಕಟ್ಟುತ್ತಾರೆ. ಮೂರಾದರೆ ಹಳ್ಳದಾಚೆಯ ಗುಂಡಿಗೆ. ಈ ಮಿತಿಯನ್ನು ಯಾರೂ ಅನುಮಾನಿಸಿದ್ದಿಲ್ಲ. ನಾನಂತೂ ಇಪ್ಪತ್ತೆರಡು ವರ್ಷ ಅದರ ಮೇಲೆ ಅನ್ನ ಉಂಡವಳು.

ಆದರೆ ಒಂದು ತೊಡಕಿತ್ತು. ಒಂಟಿ ಸೀನು ಎಲ್ಲ ಊರಿನಲ್ಲೂ ಅಪಶಕುನವೇ. ಹೊರಟವರು ಗಳಿಗೆ ಹೊತ್ತು ಕೂತು, ನೀರು ಕುಡಿದು, ಮತ್ತೆ ಹೊರಡುತ್ತಾರೆ. ನಮ್ಮೂರಿನಲ್ಲಿ ಅದು ಇನ್ನೂ ಬಿಗಿ. ನಾಲ್ಕು ಜನ ಸೇರಿದ ಕಡೆ ಒಬ್ಬರು ಒಂದೇ ಸೀನು ಸೀನಿದರೆ ಎಲ್ಲರೂ ಇದ್ದಲ್ಲೇ ಕೂರಬೇಕು. ಎರಡನೆಯದು ಬರುವವರೆಗೆ ಯಾರೂ ಏಳುವಂತಿಲ್ಲ. ನಮ್ಮೂರಿನ ಮದುವೆಗಳಲ್ಲಿ ಮುಹೂರ್ತ ಮೀರಿದ್ದು ಹೆಚ್ಚಾಗಿ ಇದರಿಂದಲೇ. ಹಾಗಾಗಿ ಅವ್ವನ ಕಾಲದಲ್ಲಿ ಎರಡು ಸೀನು ಬಂದ ಸೊಪ್ಪಿನವನು ಮೀಸೆ ತಿರುವಿಕೊಂಡು ಹೋಗುತ್ತಿದ್ದ. ಅದಕ್ಕಿಂತ ಚೊಕ್ಕ ಸೊಪ್ಪು ತಂದು ಒಂದು ಸೀನು ಬರಿಸಿದವನ ಮುಖ ಮಾತ್ರ ಸೂತಕದ ಮನೆಯ ಮುಖ.

ನಾನು ಕೆಲಸಕ್ಕೆ ನಿಂತ ಮೊದಲ ವಾರದಲ್ಲೇ ಹೀಗಾಯಿತು. ಮಗಳ ಮದುವೆ ಗೊತ್ತು ಮಾಡಿಕೊಂಡಿದ್ದ ಒಬ್ಬ ಮುದುಕ ಹೊರೆ ತಂದಿದ್ದ. ಒಂದು ಸೀನು ಬಂತು. ಎಲ್ಲರೂ ಕೂತರು. ಮುದುಕ ಕಣ್ಣೀರು ಹಾಕಿಕೊಂಡು ನನ್ನ ಮೂಗನ್ನೇ ನೋಡುತ್ತಿದ್ದ. ನಾನು ಯಾರಿಗೂ ಕಾಣದಂತೆ ಆ ಕಡೆ ತಿರುಗಿ, ಸೆರಗಿನ ತುದಿಯನ್ನು ಬತ್ತಿ ಹೊಸೆದು ಮೂಗಿಗೆ ಇಟ್ಟುಕೊಂಡೆ. ಎರಡನೆಯದು ಬಂತು. ಎಲ್ಲರೂ ಎದ್ದರು. ಗುಮಾಸ್ತರು ಪುಸ್ತಕದಲ್ಲಿ ಎರಡು ಎಂದು ಬರೆದರು. ಒಂದಾದರೇನು, ಎರಡಾದರೇನು, ಎರಡೂ ಮಿತಿಯ ಒಳಗೇ ತಾನೆ? ಯಾರಿಗೇನು ನಷ್ಟ ಎಂದುಕೊಂಡೆ. ಅಂದಿನಿಂದ ಒಂದು ಬಂದಾಗಲೆಲ್ಲ ಸೆರಗು ಹೊಸೆಯುವುದು ರೂಢಿಯಾಯಿತು. ನನ್ನ ಗಂಡನಿಗೂ ಇದು ಗೊತ್ತಿರಲಿಲ್ಲ.

ಈ ವರ್ಷ ಸೊಪ್ಪಿನ ಕಾಲದ ಮೊದಲಿಗೆ ದೂರದಿಂದ, ಸೊಪ್ಪು ಪರೀಕ್ಷೆ ಮಾಡುವ ಇನಾಯತುಲ್ಲ ಸಾಹೇಬರು ಬಂದರು. ತೆಳ್ಳಗೆ ಉದ್ದಕ್ಕೆ, ಮಾತಿಗೆ ಮೊದಲು ಕನ್ನಡಕ ಒರೆಸಿಕೊಳ್ಳುವ ಮನುಷ್ಯ. ಜೊತೆಗೆ ಮರದ ಪೆಟ್ಟಿಗೆಯಲ್ಲಿ ಒಂದು ಯಂತ್ರ. ಎಲೆಯ ಚೂರನ್ನು ಅರೆದು ಅದರೊಳಗೆ ಹಾಕಿದರೆ ಗಾಜಿನ ಮೇಲೆ ಅಂಕಿ ಮೂಡುತ್ತಿತ್ತು. ನನ್ನ ಕೆಲಸಕ್ಕೆ ಕುತ್ತು ಬಂತೆಂದು ಊರವರು ಅಂದುಕೊಂಡರು, ನಾನೂ ಅಂದುಕೊಂಡೆ. ಸಾಹೇಬರು ಮಾತ್ರ ನನಗೆ ಕೈಮುಗಿದು, "ಅಮ್ಮಾ, ನಿಮ್ಮನ್ನ ತೆಗೆಯೋಕೆ ಬಂದಿಲ್ಲ. ನೀವು ಹೇಳೋದು, ಇದು ಹೇಳೋದು ಒಂದೇನಾ ಅಂತ ನೋಡ್ಬೇಕು ಅಷ್ಟೇ" ಎಂದರು.

ನನಗೆ ಸೀನು ಬಾರದ ಸೊಪ್ಪಿಗೆ ಯಂತ್ರ ಸೊನ್ನೆ ತೋರಿಸಿತು. ಮೂರು ಸೀನಿನದಕ್ಕೆ ಮೂರು. ಸಾಹೇಬರು ಹಿಗ್ಗಿ ಹೀರೇಕಾಯಿಯಾದರು. ಆಮೇಲೆ ಎರಡು ಸೀನಿನ ಹತ್ತು ಹೊರೆ ತರಿಸಿದರು. ಆರು ಹೊರೆಗೆ ಯಂತ್ರ ಎರಡು ತೋರಿಸಿತು, ನಾಲ್ಕಕ್ಕೆ ಒಂದು. ಸಾಹೇಬರು ಕನ್ನಡಕ ಒರೆಸಿಕೊಂಡರು. ಮತ್ತೆ ಅರೆದು ಹಾಕಿದರು. ಮತ್ತೆ ಅದೇ. ಕೊನೆಗೆ ಯಂತ್ರವನ್ನು ಬಿಚ್ಚಿ, ಅದರ ಒಳಗನ್ನೆಲ್ಲ ಬಟ್ಟೆಯ ಮೇಲೆ ಹರಡಿಕೊಂಡು, ಎರಡು ದಿನ ಒರೆಸುತ್ತ ಕೂತರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಆ ಎರಡು ದಿನವೂ ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡೇ ಓಡಾಡಿದೆ.

ಮೂರನೆಯ ದಿನ ಸಾಹೇಬರು ಹಳೆಯ ಪುಸ್ತಕಗಳನ್ನೆಲ್ಲ ಮುಂದೆ ಹಾಕಿಕೊಂಡು ಕೂತಿದ್ದರು. "ಅಮ್ಮಾ, ಒಂದು ವಿಚಿತ್ರ ನೋಡಿ. ಇಪ್ಪತ್ತೆರಡು ವರ್ಷದಲ್ಲಿ ಸೊನ್ನೆ ಇದೆ, ಎರಡಿದೆ, ಮೂರಿದೆ, ಐದೂ ಇದೆ. ಒಂದು ಅನ್ನೋದು ಒಂದು ಸಲನೂ ಇಲ್ಲ. ಈ ಊರಲ್ಲಿ ಒಂದು ಅನ್ನೋದೇ ಇಲ್ವಾ?"

ಪಕ್ಕದಲ್ಲಿ ಕೂತಿದ್ದ ಮಂಡಳಿಯ ಅಧ್ಯಕ್ಷ ಪಾಪೇಗೌಡರು ನಕ್ಕರು. "ಒಂದು ನಮ್ಮೂರ್ಗೆ ಆಗಿಬರಕಿಲ್ಲ ಸಾಯೇಬ್ರೆ. ಅದು ದೇವ್ರಿಗೂ ಗೊತ್ತು."

ಸಾಹೇಬರು ಏನೋ ಬರೆದುಕೊಂಡರು. ಆಮೇಲೆ ಇನ್ನೊಂದು ಮಾತು ಹೇಳಿದರು. ಯಂತ್ರ ಅಳೆಯುತ್ತದೆ, ಆದರೆ ಎಷ್ಟಿದ್ದರೆ ಕೆಟ್ಟದ್ದು ಎಂಬುದು ಅದಕ್ಕೆ ತಿಳಿಯದು. ಅದನ್ನು ಮಂಡಳಿ ಹೇಳಬೇಕು, ಕಾರಣ ಸಹಿತ. ಇಷ್ಟು ದಿನ ಎರಡು ಎಂದಿದ್ದೀರಿ, ಯಾಕೆ ಎರಡು? ಪಾಪೇಗೌಡರು ನನ್ನನ್ನು ನೋಡಿದರು. ನಾನು ಪಾಪೇಗೌಡರನ್ನು ನೋಡಿದೆ. ಯಾಕೆ ಎರಡು ಎಂಬುದು ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ಮುಂದಿನ ಸೋಮವಾರ ಸಭೆ ಕರೆದು ಹೇಳುತ್ತೇವೆ ಎಂದು ಗೌಡರು ಎದ್ದುಬಿಟ್ಟರು.

ಆ ಸಂಜೆ ಚಿನ್ನತಾಯಿ ಮನೆಗೆ ಬಂದಳು. ಅವ್ವ ಸತ್ತಾಗ ಎಂಟು ವರ್ಷದವಳು. ತಲೆ ಬಾಚಿ, ಜ್ವರ ಬಂದರೆ ತೊಡೆಯ ಮೇಲೆ ಹಾಕಿಕೊಂಡು, ನಾನೇ ಸಾಕಿದ್ದು. ಮದುವೆಯಾಗಿ ಒಂಬತ್ತು ವರ್ಷ. ಎರಡು ಸಲ ಬಸುರಾಗಿ ನಿಲ್ಲದೆ ಹೋಗಿತ್ತು. ಈಗ ಏಳು ತಿಂಗಳು ತುಂಬಿತ್ತು. ಶೆಡ್ಡಿನಲ್ಲಿ ಸೊಪ್ಪು ಬೇರೆ ಮಾಡುವ ಕೆಲಸ ಅವಳದು, ಅದರಲ್ಲಿ ಅವಳ ಕೈ ಚುರುಕು. ಬೇಡ, ಬಿಡು ಎಂದು ಎಲ್ಲರೂ ಹೇಳಿದ್ದರು. ಅವಳ ಉತ್ತರ ಯಾವಾಗಲೂ ಒಂದೇ: "ನಮ್ಮಕ್ಕ ಮೂಸಿ ಬುಟ್ಟಿರೋ ಸೊಪ್ಪು, ಅದರಿಂದ ನಂಗೇನಾದದು?"

ಅಂದು ಮಾತ್ರ ಅವಳು ಅಂಗೈ ಚಾಚಿ ತೋರಿಸಿದಳು. ಸೊಪ್ಪಿನ ಕಪ್ಪು ಜಿಗಟಿನ ಕೆಳಗೆ ತೊಗಲು ಈರುಳ್ಳಿ ಸಿಪ್ಪೆಯ ಹಾಗೆ ಸುಲಿದುಕೊಂಡಿತ್ತು.

"ಯಾವತ್ನಿಂದ ಹಿಂಗಾಗದೆ?" ಎಂದೆ.

"ಪ್ರತಿ ವರ್ಷ ಆಯ್ತದೆ. ಸೊಪ್ಪಿನ ಕಾಲ ಮುಗುದ್ರೆ ಹೋಯ್ತದೆ. ಶೆಡ್ಡಲ್ಲಿ ಎಲ್ರ ಕೈಯೂ ಹಿಂಗೇಯ. ಅದ್ಕಲ್ಲ ಕಣಕ್ಕ ನಾನು ಬಂದದ್ದು." ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. "ಸಾಯೇಬ್ರು ಕೇಳುದ್ರಂತಲ್ಲ, ಯಾಕೆ ಎಲ್ಡು ಅಂತ. ಶೆಡ್ಡಿನೋರೆಲ್ಲ ಅದ್ನೇ ಮಾತಾಡ್ತಾವ್ರೆ. ನೀನು ನಂಗೆ ನಿಜ ಹೇಳ್ಬುಡು. ಎಲ್ಡು ಅಂದ್ರೆ ಒಳ್ಳೇದಾ? ಈ ಸಲ ನಿಲ್ತದಾ?"

ಬಾಯಿಗೆ ಬಿಸಿತುಪ್ಪ ಬಿದ್ದಂತಾಯಿತು. ಮಿತಿಯೊಳಗೆ ಇದೆ ಎಂದು ಹೇಳುವುದು ನನಗೆ ಉಸಿರಾಡಿದಷ್ಟು ಸಲೀಸು, ಆದರೆ ಅವಳು ಕೇಳಿದ್ದು ಅದಲ್ಲ. ಸೋಮವಾರದೊಳಗೆ ತಿಳಿದುಕೊಂಡು ಹೇಳುತ್ತೇನೆ, ಅಲ್ಲಿಯವರೆಗೆ ಶೆಡ್ಡಿಗೆ ಹೋಗಬೇಡ ಎಂದೆ. ಅವಳಿಗೆ ಅಳು ಬಂತು. ನನ್ನಿಂದ ಇಷ್ಟು ತಡವಾದ ಉತ್ತರವನ್ನು ಅವಳು ಯಾವತ್ತೂ ಕೇಳಿರಲಿಲ್ಲ.

ಮಿತಿ ಹಾಕಿದ ದಿನ ಅಲ್ಲಿದ್ದವರಲ್ಲಿ ಬದುಕಿರುವವರು ಒಬ್ಬರೇ, ಮಂಡಳಿಯಲ್ಲಿ ಜವಾನರಾಗಿದ್ದ ಹಲಗಯ್ಯ. ತೊಂಬತ್ತರ ಮೇಲಾಗಿದೆ. ಮಾರನೆಯ ದಿನ ಹೋದಾಗ ಜಗಲಿಯ ಬಿಸಿಲಿನಲ್ಲಿ ಕಂಬಳಿ ಹೊದ್ದು ಕೂತಿದ್ದರು. ನನ್ನ ಗುರುತು ಹತ್ತಲಿಲ್ಲ. ನನ್ನ ಮೂಗಿನ ಗುರುತು ಹತ್ತಿತು.

"ನಿಮ್ಮವ್ವನ್ದೇ ಮೂಗು" ಎಂದು ಬೊಚ್ಚು ಬಾಯಿಯಲ್ಲಿ ನಕ್ಕರು. "ಆ ವರ್ಷ ಮೊದ್ಲನೇ ದಪ ಔಷ್ದಿ ಬಂದಿತ್ತು ಕಣವ್ವ. ಹೊಡದ್ರು, ಹೊಡದ್ರು, ಯಾರಿಗೆ ಲೆಕ್ಕ ಗೊತ್ತಿತ್ತು? ಶೆಡ್ಡಿನ ಹೆಣ್ಮಕ್ಳ ಕೈಯೆಲ್ಲ ಸುಲ್ಕಬುಡ್ತು. ಇಬ್ರು ಬಸುರೀರ್ಗೆ ನಿಲ್ನಿಲ್ಲ. ಆಗ ಮಂಡ್ಳಿಯೋರು ಆ ಶೆಡ್ಡಿನ ಸೊಪ್ಪನ್ನೇ ತಂದು ನಿಮ್ಮವ್ವನ ಮುಂದೆ ಮಡುಗುದ್ರು. ಇದ್ರಲ್ಲಿ ಎಷ್ಟದೆ ಹೇಳವ್ವ, ಅದ್ಕಿಂತ ಕಮ್ಮಿ ಇರೋ ಹಂಗೆ ಮಿತಿ ಹಾಕವ ಅಂದ್ರು."

"ಅವ್ವ ಎಷ್ಟು ಸೀನುದ್ಲು ತಾತ?"

"ಒಂದು."

ಹಲಗಯ್ಯ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಮುಂದುವರಿಸಿದರು. "ಎಲ್ರೂ ಕೂತ್ಕಂಡ್ರು. ಎಲ್ಡನೇದು ಬತ್ತದೆ, ಬತ್ತದೆ ಅಂತ ಕಾದ್ರು. ಬರ್ನಿಲ್ಲ. ಹೊಸ ಪುಸ್ತ್ಕ, ಮೊದಲ್ನೇ ಹಾಳೆ. ಅದ್ರಲ್ಲಿ ಒಂಟಿ ಸೀನು ಬರ್ಯಕೆ ಯಾರ್ಗವ್ವ ಧೈರ್ಯ ಬಂದದು? ಉಣ್ಣೋ ಹೊತ್ತೂ ಮೀರ್ತು. ಪಾಪ, ಎಲ್ರಿಗೂ ಹೊಟ್ಟೆ ಹಸಿದಿತ್ತು. ನಾನೇ ನನ್ನ ನಶ್ಯದ ಡಬ್ಬಿ ತಗದು ನಿಮ್ಮವ್ವನ ಮೂಗಿನ ಮುಂದೆ ಹಿಡದೆ. ಎಲ್ಡನೇದು ಬಂತು ನೋಡು! ಎಲ್ಡು ಅಂತ ಬರದ್ರು, ರುಜು ಹಾಕುದ್ರು, ಎದ್ರು."

"ಅದ್ಕಿಂತ ಕಮ್ಮಿ ಇರ್ಬೇಕು ಅಂದಿದ್ರಲ್ಲ ತಾತ? ಆ ಕಮ್ಮಿ ಅನ್ನೋ ಮಾತು ಎಲ್ಲೋಯ್ತು?"

ಹಲಗಯ್ಯ ಕಂಬಳಿಯನ್ನು ಮೇಲಕ್ಕೆ ಎಳೆದುಕೊಂಡರು. "ಉಣ್ಣಕೆ ಎದ್ರಲ್ಲವ್ವ, ಅಲ್ಲೇ ಬಿದ್ದೋಗಿರ್ಬೇಕು" ಎಂದರು.

ಮನೆಗೆ ಬರುವ ದಾರಿಯುದ್ದಕ್ಕೂ ಲೆಕ್ಕ ಹಾಕಿದೆ, ತಪ್ಪಿದೆ, ಮತ್ತೆ ಹಾಕಿದೆ. ಕೈ ಸುಲಿದ ಸೊಪ್ಪು ಒಂದು. ಅಂದರೆ ಒಂದೇ ಕೆಟ್ಟದ್ದು. ಮಿತಿ ಅದಕ್ಕಿಂತ ಕೆಳಗಿರಬೇಕು, ಅಂದರೆ ಸೀನೇ ಬರಬಾರದು. ಕೆಟ್ಟದ್ದರ ಎರಡರಷ್ಟನ್ನು ನಾವು ಒಳ್ಳೆಯದು ಎಂದು ಬರೆದುಕೊಂಡು ಅದನ್ನು ಕಾಯುತ್ತಿದ್ದೇವೆ. ಹಾಗಾದರೆ ಒಂದರ ಸೊಪ್ಪು ಯಾರ ಕೈಗೆ ಹೋಯಿತು, ಎರಡರದ್ದು ಯಾರ ಕೈಗೆ ಹೋಯಿತು ಎಂದಾದರೂ ತಿಳಿಯಬಹುದೇ ಎಂದರೆ, ಪುಸ್ತಕದಲ್ಲಿ ಎಲ್ಲವೂ ಎರಡೇ. ಹಾಗೆ ಮಾಡಿದವಳು ನಾನೇ. ಚಿನ್ನತಾಯಿ ಮೊದಲ ಸಲ ಬಸುರಾದ ವರ್ಷ ಅವಳ ಕೈಗೆ ಒಂದು ಬಂದಿತ್ತೇ, ಎರಡು ಬಂದಿತ್ತೇ? ಎರಡನೆಯ ಸಲ? ಅವ್ವನ ಮೇಲೆ ಸಿಟ್ಟು ಬಂತು. ಅವಳು ಹೋಗಿ ಇಪ್ಪತ್ತೆರಡು ವರ್ಷವಾಯಿತು. ಹಲಗಯ್ಯನ ಮೇಲೆ ಬಂತು, ಪಾಪ, ಆತ ಹಸಿದವರಿಗೆ ಉಪಕಾರ ಮಾಡಿದ್ದು. ನಾನು ಮಾಡಿದ್ದೂ ಉಪಕಾರವೇ. ಹೀಗೆ ಎಲ್ಲರೂ ಉಪಕಾರ ಮಾಡಿಕೊಂಡು ಇಲ್ಲಿಗೆ ಬಂದಿದ್ದೆವು. ಸಿಟ್ಟನ್ನು ಯಾರ ತಲೆಗೆ ಕಟ್ಟುವುದೆಂದು ತಿಳಿಯದೆ, ಅಂದು ಗಂಡನನ್ನು ಸಾರಿಗೆ ಉಪ್ಪು ಕಮ್ಮಿ ಎಂದಿದ್ದಕ್ಕೆ ಹಿಗ್ಗಾಮುಗ್ಗಾ ಬೈದೆ.

ಸೋಮವಾರ ಮಂಡಳಿಯ ಹಜಾರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮುಂದೆ ಬೆಳೆಗಾರರು, ಹಿಂದೆ ಶೆಡ್ಡಿನ ಇಪ್ಪತ್ತು ಮೂವತ್ತು ಹೆಂಗಸರು. ನಾನು ಬೇಡವೆಂದಿದ್ದರೂ ಚಿನ್ನತಾಯಿ ಆ ವಾರವೆಲ್ಲ ಶೆಡ್ಡಿಗೆ ಹೋಗಿದ್ದಳು, ಅಂದೂ ಅಲ್ಲಿಂದಲೇ ಎದ್ದು ಬಂದು ಗೋಡೆಗೆ ಒರಗಿ ಕೂತಿದ್ದಳು. ಸಾಹೇಬರು ಮೇಜಿನ ಮೇಲೆ ಯಂತ್ರ ಇಟ್ಟುಕೊಂಡು, ಶೆಡ್ಡಿನಿಂದ ಒಂದು ಹೊರೆ ತರಿಸಿ, ಮೊದಲು ನನ್ನ ಕೈಗೆ ಎಲೆ ಕೊಟ್ಟರು. ಮೂಸಿದೆ. ಒಂದು ಸೀನು ಬಂತು.

ಎಲ್ಲರೂ ದಬದಬನೆ ಕೂತರು. ಕುರ್ಚಿ ಸಿಗದ ಸಾಹೇಬರು ಯಂತ್ರದ ಪೆಟ್ಟಿಗೆಯ ಮೇಲೆ ಕೂತರು.

"ಇನ್ನೊಂದು ಬತ್ತದೆ, ಯಾರೂ ಏಳ್ಬೇಡಿ" ಎಂದರು ಪಾಪೇಗೌಡರು.

"ಬರಲ್ಲ ಗೌಡ್ರೆ" ಎಂದೆ. ನನ್ನ ಧ್ವನಿ ನನಗೇ ಬೇರೆಯವರದ್ದೆನಿಸಿತು. "ಇದ್ರಲ್ಲಿರೋದು ಒಂದೇ. ಇಷ್ಟು ವರ್ಷ ಒಂದು ಬಂದಾಗೆಲ್ಲ ನಾನು ಸೆರಗು ಮೂಗಿಗೆ ಇಟ್ಕಂಡು ಎಲ್ಡು ಮಾಡ್ತಿದ್ದೆ."

ಹಜಾರದಲ್ಲಿ ಗುಸುಗುಸು ಎದ್ದಿತು, ಆದರೆ ಜನ ಏಳಲಿಲ್ಲ. ಸಾಹೇಬರ ಮುಖ ಮಾತ್ರ ಅರಳಿತು. ಅವರ ಯಂತ್ರ ಕೆಟ್ಟಿರಲಿಲ್ಲ.

"ಅಂದ್ರೆ ಇಷ್ಟು ವರ್ಸ ನೀನು ಸುಳ್ಳು ಸೀನುದ್ಯಾ?" ಎಂದರು ಗೌಡರು.

"ಸೀನು ಸುಳ್ಳಲ್ಲ. ಲೆಕ್ಕ ಸುಳ್ಳು." ಹಲಗಯ್ಯ ಹೇಳಿದ್ದನ್ನೆಲ್ಲ ಬಿಡಿಸಿ ಹೇಳಿದೆ. ಒಂದೇ ಕೆಟ್ಟದ್ದು, ಮಿತಿ ಸೊನ್ನೆಯಾಗಬೇಕು ಎಂದೆ. ಗೌಡರು ಕೆಟ್ಟವರಲ್ಲ. ಅವರು ನಿಜವಾಗಿಯೂ ಗೊಂದಲಕ್ಕೆ ಬಿದ್ದರು. ಎಡಗೈಯಲ್ಲಿ ಎರಡು ಬೆರಳು, ಬಲಗೈಯಲ್ಲಿ ಒಂದು ಬೆರಳು ಎತ್ತಿ ಒಂದನ್ನೊಂದು ನೋಡಿದರು. "ನೋಡವ್ವ ಗೌರಮ್ಮ, ಮಿತಿ ಎಲ್ಡು. ಇದು ಒಂದು. ಒಂದು ಎಲ್ಡಕ್ಕಿಂತ ಕಮ್ಮಿ. ಕಮ್ಮಿ ಇದ್ರೆ ಒಳ್ಳೇದು ಅಂತ ನೀನೇ ಹೇಳ್ತಿದ್ದೀಯ. ಮತ್ತೆ ಜಗಳ ಯಾವ್ದು?"

"ಮಿತಿನೇ ತಪ್ಪು ಅಂತಿವ್ನಿ ಗೌಡ್ರೆ."

"ಹಲಗಯ್ಯಂಗೆ ನಿನ್ನೆ ಉಂಡಿದ್ದು ಇವತ್ತು ಗ್ಯಾಪಕ ಇರಲ್ಲ. ಪುಸ್ತ್ಕದಲ್ಲಿ ಎಲ್ಡು ಅಂತ ಅದೆ, ರುಜು ಅದೆ. ಮಿತಿ ಸೊನ್ನೆ ಅಂದ್ರೆ ಊರ ಸೊಪ್ಪೆಲ್ಲ ಗುಂಡಿಗೆ ಹಾಕ್ಬೇಕಾದದು. ಅಳ್ಯೋದು ನಿನ್ ಕೆಲ್ಸ. ಮಿತಿ ಹಾಕೋದು ನಮ್ದು. ನೀನು ಅಳಿ."

ಗೌಡರು ಹೇಳಿದ್ದು ಸರಿಯೇ ಇರಬಹುದೇ ಎಂದು ಒಂದು ಗಳಿಗೆ ಅನ್ನಿಸಿತು. ಎಲ್ಲರೂ ಕೂತಿದ್ದಾಗ ನಾನೊಬ್ಬಳೇ ಎದ್ದೆ. ನಮ್ಮೂರಿನಲ್ಲಿ ಹಾಗೆ ಯಾರೂ ಎದ್ದಿದ್ದಿಲ್ಲ. ಯಾರೋ "ಅಯ್ಯೋ" ಎಂದರು. ಹೆಂಗಸರ ನಡುವೆ ಜಾಗ ಮಾಡಿಕೊಂಡು ಚಿನ್ನತಾಯಿಯ ಮುಂದೆ ಹೋಗಿ ಕೂತೆ. ಅವಳ ಬಲಗೈ ಎತ್ತಿ, ಅಂಗೈಯನ್ನು ನನ್ನ ಮೂಗಿಗೆ ಹಿಡಿದುಕೊಂಡೆ. ಎಲೆ ಬಿಟ್ಟು ಬೇರೆ ಯಾವುದನ್ನೂ ನಾನು ಹಾಗೆ ಮೂಸಿರಲಿಲ್ಲ. ಹಾಗೆ ಮಾಡಬಹುದೆಂದು ಅವ್ವನೂ ಹೇಳಿರಲಿಲ್ಲ.

ಒಂದು ಬಂತು. ಚಿನ್ನತಾಯಿ ಕಿಸಕ್ಕನೆ ನಕ್ಕಳು. "ಏನಕ್ಕ ಇದು, ಕಚಗುಳಿ ಆಯ್ತದೆ."

ಎರಡು ಬಂತು. ಹಜಾರದಲ್ಲಿ ಎಲ್ಲರೂ ಉಸ್ಸೆಂದು ಏಳತೊಡಗಿದರು. ಪಾಪೇಗೌಡರು ಶಲ್ಯ ಕೊಡವಿಕೊಂಡರು.

ಮೂರು ಬಂತು. ನಾಲ್ಕು. ಎದ್ದವರು ಅರ್ಧದಲ್ಲೇ ನಿಂತರು. ಮೂರಕ್ಕೆ ಏನು ಮಾಡಬೇಕೆಂದು ಜನಕ್ಕೆ ಗೊತ್ತು, ಸೊಪ್ಪಾದರೆ ಗುಂಡಿಗೆ. ಕೈಗೆ ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಐದು, ಆರು. ಚಿನ್ನತಾಯಿ ನಗುವುದನ್ನು ನಿಲ್ಲಿಸಿದ್ದಳು, ತುಟಿ ಅಲುಗಿಸಿ ಎಣಿಸುತ್ತಿದ್ದಳು. ಏಳಕ್ಕೆ ನನ್ನ ಕಣ್ಣಿನಲ್ಲಿ ನೀರು ಹರಿಯಿತು, ಅದು ಸೀನಿನದೋ ಅಳುವಿನದೋ ಹೇಳಲಾರೆ. ಎಂಟು. ಒಂಬತ್ತು. ಅಲ್ಲಿಗೆ ನಿಂತಿತು.

ಪಕ್ಕದ ಹೆಂಗಸೊಬ್ಬಳು ತನ್ನ ಅಂಗೈಗಳನ್ನು ಸೀರೆಯಲ್ಲಿ ಸುತ್ತಿ ಮುಚ್ಚಿಕೊಂಡಳು. ಆಮೇಲೆ ಬಿಚ್ಚಿ ನನ್ನ ಕಡೆಗೆ ಚಾಚಿದಳು. ಅವಳ ಹಿಂದಿನವಳೂ ಚಾಚಿದಳು.

"ಬರ್ಕೋಬೇಕಾ?" ಎಂದು ಸಾಹೇಬರು ಮೆಲ್ಲಗೆ ಕೇಳಿದರು. ಪುಸ್ತಕ ಅವರ ತೊಡೆಯ ಮೇಲಿತ್ತು. "ಇದ್ರಲ್ಲಿ ಬೆಳೆಗಾರರ ಹೆಸರು, ಹೊರೆ ನಂಬರು ಅಂತ ಇದೆ. ಜನಗಳಿಗೆ ಅಂತ ಜಾಗ ಇಲ್ಲ." ಅವರು ಗೌಡರನ್ನು ನೋಡಿದರು. ಗೌಡರು ತಮ್ಮ ಬೆರಳುಗಳನ್ನು ನೋಡಿಕೊಳ್ಳುತ್ತಿದ್ದರು.

"ಬರೀರಿ ಸಾ" ಎಂದಳು ಚಿನ್ನತಾಯಿ. ಶೆಡ್ಡಿನಲ್ಲಿ ಹಾಜರಿ ಹೇಳುವ ಹಾಗೇ ಹೇಳಿದಳು. "ಚಿನ್ನತಾಯಿ. ಒಂಬತ್ತು."

ಸಾಹೇಬರು ಬರೆದರು. ಅವಳು ಅಂಗೈಯನ್ನು ನನ್ನ ಕೈಯಿಂದ ಬಿಡಿಸಿಕೊಂಡು ಹೊಟ್ಟೆಯ ಮೇಲೆ ಇಟ್ಟುಕೊಳ್ಳಲು ಹೋದವಳು, ಇಡದೆ ಹಾಗೇ ಗಾಳಿಯಲ್ಲಿ ಹಿಡಿದುಕೊಂಡಳು.

"ಒಳಗಿರೋದ್ಕೆ ಬ್ಯಾರೆ ಬರೀಬೇಕಾ ಸಾ," ಎಂದು ಕೇಳಿದಳು, "ಇಲ್ಲಾ ಎಲ್ಲಾ ಸೇರಿ ಒಂಬತ್ತಾ?"

ಸಾಹೇಬರು ಪೆನ್ನು ಹಿಡಿದುಕೊಂಡೇ ನನ್ನ ಮುಖ ನೋಡಿದರು. ಚಿನ್ನತಾಯಿಯೂ ನೋಡಿದಳು. ನನಗೆ ಗೊತ್ತಿರಲಿಲ್ಲ.